ಟೈಲಿಗೆ ಇಳಿದ ಗುರುಗಳ ಮುಖ

ತುಂಗಭದ್ರೆಯ ದಡದ ಆಶ್ರಮವೊಂದರಲ್ಲಿ ಮರುಳಯ್ಯ ಎಂಬ ಗುರುಗಳಿದ್ದರು. ಹೊಸದಾಗಿ ಬಂದ ಶಿಷ್ಯರನ್ನು ಅವರು ಧ್ಯಾನಕ್ಕೆ ಕೂರಿಸುತ್ತಿರಲಿಲ್ಲ, ಟೈಲ್ ಮಾಡಲು ಕೂರಿಸುತ್ತಿದ್ದರು.

ತೆಳು ಕಾಗದದ ಮೇಲೆ ಬಣ್ಣದಲ್ಲಿ ಚಿತ್ರ ಬರೆಯಬೇಕು. ಬಣ್ಣ ಹಸಿಯಿರುವಾಗಲೇ ಕಾಗದವನ್ನು ಮಣ್ಣಿನ ಟೈಲಿನ ಮೇಲೆ ಬೋರಲು ಹಾಕಿ, ಅದರ ಬೆನ್ನನ್ನು ಚಮಚದಿಂದ ಉಜ್ಜಬೇಕು. ಕಾಗದ ಎತ್ತಿದರೆ ಚಿತ್ರ ಟೈಲಿಗೆ ಇಳಿದಿರುತ್ತದೆ, ಎಡಬಲ ಅದಲುಬದಲಾಗಿ. ಆಮೇಲೆ ಗಾಜಿನ ಲೇಪ ಕೊಟ್ಟು ಆವಿಗೆಯಲ್ಲಿ ಸುಡುವುದು.

ಅಲ್ಲಿದ್ದದ್ದು ಒಂದೇ ನಿಯಮ. ಚಿತ್ರ ಬರೆದವನದೇ ಆಗಿರಬೇಕು.

ಹೊಸ ಶಿಷ್ಯ ಫಾಲಾಕ್ಷನ ತಲೆಗೆ ಎಲ್ಲ ಹತ್ತಿತು, ಈ ನಿಯಮವೊಂದು ಹತ್ತಲಿಲ್ಲ. ಊರಲ್ಲಿ ಅಂಗಡಿಗಳಿಗೆ ಬೋರ್ಡ್ ಬರೆಯುತ್ತಿದ್ದವನು, ಕೈ ಪಳಗಿತ್ತು. ಮೊದಲ ದಿನ ಒಂದು ಕೊಕ್ಕರೆ ಮಾಡಿ ತಂದ.

"ಇದು ಪ್ರಾರ್ಥನೆಯ ಕೋಣೆಯ ಗೋಡೆಯಲ್ಲಿ ನಾನು ಬರೆದ ಕೊಕ್ಕರೆ," ಎಂದರು ಗುರುಗಳು.

"ಹೌದು ಗುರುಗಳೇ. ಒಂದು ಗೆರೆಯೂ ತಪ್ಪಿಲ್ಲ. ತಿರುಗುಮುರುಗಾಗಬಾರದು ಅಂತ ಕಾಗದದಲ್ಲೇ ತಿರುಗಿಸಿ ಬರೆದಿದ್ದೆ."

ಗುರುಗಳು ಆ ಟೈಲನ್ನು ಮಜ್ಜಿಗೆ ಗಡಿಗೆಗೆ ಮುಚ್ಚಿದರು.

ಮರುದಿನ ಅವನು ಮೀನು ತಂದ. ಅದೂ ಗುರುಗಳು ಹರೆಯದಲ್ಲಿ ಬರೆದ ಮೀನೇ. ಅದು ಅಲ್ಲಾಡುತ್ತಿದ್ದ ಬೆಂಚಿನ ಕಾಲಡಿ ಹೋಯಿತು. ಆಮೇಲೆ ಗುರುಗಳ ತೆಪ್ಪ ತಂದ, ಗುರುಗಳ ಆಲದ ಮರ ತಂದ. ಆಶ್ರಮದ ಪಾತ್ರೆಗಳಿಗೆಲ್ಲ ಮುಚ್ಚಳವಾಯಿತು.

ಕೊನೆಗೆ ಗುರುಗಳು ಅವನನ್ನು ನದಿಗೆ ಕಳಿಸಿದರು. ಇಡೀ ದಿನ ಅಲ್ಲೇ ಕೂತಿದ್ದು, ಕಂಡದ್ದನ್ನು ಬರೆದುಕೊಂಡು ಬಾ ಎಂದರು.

ಸಂಜೆ ಫಾಲಾಕ್ಷ ಬಿಸಿಲಿಗೆ ಕಂದಿದ ಮುಖ ಹೊತ್ತು ಬಂದ. ಕಾಗದದಲ್ಲಿ ಅದೇ ಕೊಕ್ಕರೆ.

"ನದಿಗೆ ಕೊಕ್ಕರೆ ಬರಲಿಲ್ಲವೇನಪ್ಪ?"

"ಬಂದಿತ್ತು ಗುರುಗಳೇ. ಆದರೆ ನಿಮ್ಮದರ ಹಾಗೆ ನಿಲ್ಲಲಿಲ್ಲ."

ಮರುಳಯ್ಯನವರ ತಾಳ್ಮೆ ಅಲ್ಲಿಗೆ ಮುಗಿಯಿತು. ಕತ್ತಲಾಗುವ ಮುಂಚೆ ತೆಪ್ಪ ಹತ್ತಿ ಊರಿಗೆ ಹೋಗು ಎಂದರು. ನಿನ್ನ ಬೋರ್ಡುಗಳು ಕಾಯುತ್ತಿವೆ, ಇಲ್ಲಿ ನಿನಗೂ ದಣಿವು ನನಗೂ ದಣಿವು ಎಂದರು. ಹೇಳುತ್ತಾ ಹೇಳುತ್ತಾ ದನಿ ಏರಿತು.

ಫಾಲಾಕ್ಷ ಬಟ್ಟೆ ಗಂಟು ಕಟ್ಟಲು ಹೋದವನು ಕಟ್ಟಲಾರದೆ ನಿಂತ. ಬೋರ್ಡ್ ಬರೆದು ಬರೆದು ಬೇಸತ್ತೇ ಅವನು ಇಲ್ಲಿಗೆ ಬಂದದ್ದು. ಮತ್ತೆ ಅದೇ ಏಣಿ ಹತ್ತುವುದು ಅವನಿಗೆ ಬೇಡವಾಗಿತ್ತು.

"ನಾನು ಬರೆದದ್ದು ನಿಮಗೆ ಬೇಡ. ಏನು ಬರೆಯಬೇಕು ಅಂತಲೂ ನೀವು ಹೇಳುವುದಿಲ್ಲ. ಹೇಳಿಬಿಡಿ, ಬರೆದು ಬಿಸಾಕುತ್ತೇನೆ."

"ನಾನು ಹೇಳಿದರೆ ಅದು ನನ್ನ ಚಿತ್ರವಾಗುತ್ತದಲ್ಲೋ," ಎಂದು ಗುರುಗಳು ಬಾಗಿಲಲ್ಲೇ ನಿಂತು ಕೂಗಿದರು. ಒಂದು ಹುಬ್ಬು ಮೇಲೇರಿತ್ತು. ಕತ್ತಿನ ನರ ಉಬ್ಬಿತ್ತು. ಎಡಗೆನ್ನೆಯ ಹಳೆಯ ಗಾಯದ ಗುರುತು ಕೆಂಪಾಗಿತ್ತು.

ಫಾಲಾಕ್ಷ ಗಂಟು ಬಿಟ್ಟು ಕುಂಚ ಹಿಡಿದ. ಗುರುಗಳನ್ನೇ ದುರುಗುಟ್ಟಿ ನೋಡುತ್ತಾ ಗೀಚಿದ. ಕಾಗದವನ್ನು ಟೈಲಿನ ಮೇಲೆ ಬಡಿದು, ಚಮಚ ಬಾಗುವಂತೆ ಉಜ್ಜಿ, ಸರಕ್ಕನೆ ಎತ್ತಿದ.

ಟೈಲಿನ ಮೇಲೆ ಮರುಳಯ್ಯನವರು ಸಿಡುಕುತ್ತಿದ್ದರು.

ಫಾಲಾಕ್ಷ ಚಮಚ ಕೆಳಗಿಟ್ಟು ಕೈ ಮುಗಿದ.

"ತಪ್ಪಾಯಿತು ಗುರುಗಳೇ. ಸಿಟ್ಟಿನಲ್ಲಿ ತಿರುಗಿಸಿ ಬರೆಯುವುದನ್ನೇ ಮರೆತೆ. ಗಾಯ ಬಲಗೆನ್ನೆಗೆ ಹೋಗಿಬಿಟ್ಟಿದೆ."

ಗುರುಗಳು ಟೈಲನ್ನು ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ತಂದರು. ಬಹಳ ಹೊತ್ತು ನೋಡಿದರು.

"ನೀರಲ್ಲಿ ಮುಖ ನೋಡಿಕೊಂಡಾಗ ನನಗೆ ಗಾಯ ಕಾಣುವುದು ಈ ಕಡೆಗೇ," ಎಂದರು. "ಈ ಸಿಡುಕು ಮಾತ್ರ ಅಲ್ಲಿ ಯಾವತ್ತೂ ಕಂಡಿರಲಿಲ್ಲ."

ಹೊಳೆಯಿಂದ ತೆಪ್ಪದವನು ಕೂಗಿದ. ಯಾರೂ ಬರುವುದಿಲ್ಲ, ನೀನು ಹೋಗು ಎಂದು ಗುರುಗಳೇ ಹೇಳಿ ಕಳಿಸಿದರು.

ಲೇಪವನ್ನು ಅವರೇ ಕೊಟ್ಟರು, ಆವಿಗೆಗೂ ಅವರೇ ಇಟ್ಟರು. ಸುಟ್ಟು ತಣಿದ ಟೈಲನ್ನು ಗೋಡೆಗೆ ಕೂರಿಸುವಾಗ ಫಾಲಾಕ್ಷ ಪಕ್ಕದಲ್ಲಿ ಸುಣ್ಣದ ಗಾರೆ ಹಿಡಿದು ನಿಂತಿದ್ದ. ಬಂದ ಮೇಲೆ ಮೊದಲ ಸಲ ಅವನ ಮುಖ ಅರಳಿತ್ತು.

"ಗುರುಗಳೇ, ಹಾಗಾದರೆ ನಾಳೆಯೂ ಇದೇ ಮುಖ ಬರೆಯಲಾ?"

ಮರುಳಯ್ಯನವರು ಗಾರೆ ಮೆತ್ತಿದ ಕೈಯನ್ನೇ ತಲೆಯ ಮೇಲೆ ಇಟ್ಟುಕೊಂಡರು.

"ನಾಳೆ ಮೊದಲು ನನ್ನ ಮುಖ ನೋಡು. ಆಮೇಲೆ ಕೇಳು."