ಹುಣಸೆಹಣ್ಣಲ್ಲಿ ಬೆಳಗಿದ ಚಿನ್ನದ ಗಡಿಯಾರ

ಒಂದಾನೊಂದು ಕಾಲದಲ್ಲಿ, ಅಂದ್ರೆ ಕೋಳಿ ಕೂಗಿದ್ರೇನೇ ಬೆಳಗಾಗೋದು ಅಂತ ಜನ ನಂಬಿದ್ದ ಕಾಲದಲ್ಲಿ, ಒಂದು ಅರಮನೇಲಿ ಚೆನ್ನಾಜಮ್ಮಣ್ಣಿ ಅಂತ ಮುದಿ ರಾಣಿ ಇದ್ಲಂತೆ. ಗಂಡ ತೀರಿಹೋಗಿದ್ದ, ಕಣ್ಣೂ ಕಾಣ್ತಿರಲಿಲ್ಲ, ಅವಳಿಗೆ ಉಳಿದಿದ್ದು ಗಂಡ ಫ್ರಾನ್ಸ್ ದೇಶದಿಂದ ಹಡಗಲ್ಲಿ ತರಿಸಿಕೊಟ್ಟ ಗೋಡೆ ಗಡಿಯಾರ ಒಂದೇ. ಎಂಥಾದ್ದು ಅಂತೀಯ! ಕಂಚಿಗೆ ಚಿನ್ನದ ನೀರು ಹಾಕಿ, ಮೈತುಂಬ ಬಳ್ಳಿ, ಎಲೆ, ಕಪ್ಪೆಚಿಪ್ಪು ಸುತ್ತಿಸಿ, ತಲೆ ಮೇಲೆ ರೆಕ್ಕೆ ಇರೋ ಒಂದು ಗುಂಡು ಮಗೂನ ಕೂರಿಸಿದ್ರಂತೆ. ಮಗೂಗೆ ಚಡ್ಡಿ ಇರಲಿಲ್ಲ, ನಗಬೇಡ ಸುಮ್ನಿರು. ಮಧ್ಯಾಹ್ನ ಉಂಡು ಅದರ ಟಿಕ್ ಟಿಕ್ ಕೇಳಿದ್ರೇನೇ ರಾಣಿಗೆ ನಿದ್ದೆ ಹತ್ತೋದು. ಅದನ್ನ ಮುಟ್ಟಿದೋರನ್ನ ತವರಿಗೆ ಅಟ್ಟಿಬಿಡ್ತೀನಿ ಅಂತ ಮೂರು ಜನ ಸೊಸೆಯರಿಗೂ ಹೇಳಿಟ್ಟಿದ್ಲಂತೆ.

ಕಿರೀಸೊಸೆ ಕೆಂಪಿ ಇನ್ನೂ ಎಳೇ ಹುಡುಗಿ. ಆಯುಧಪೂಜೆ ಬಂತು. ಕತ್ತಿ, ದೀಪದ ಕಂಬ ಎಲ್ಲಾ ತೊಳೀತಾ ತೊಳೀತಾ, ಪೂಜೆಗೆ ಅಂತ ಮುಟ್ಟಿದ್ರೆ ಅತ್ತೆಮ್ಮ ಬೇಡ ಅಂತಾರಾ ಅಂದ್ಕೊಂಡು, ಗಡಿಯಾರಾನೂ ಇಳಿಸಿ, ದೇವರ ಸಾಮಾನು ಬೆಳಗೋ ಹಾಗೆ ಹುಣಸೆಹಣ್ಣು, ಇಟ್ಟಿಗೆ ಪುಡಿ ಹಾಕಿ ಗಸಗಸ ಉಜ್ಜಿ, ಮೇಲೆ ಒಂದು ಬಿಂದಿಗೆ ನೀರು ಹುಯ್ದುಬಿಟ್ಲಂತೆ! ಆಮೇಲೆ ನೋಡ್ತಾಳೆ, ಚಿನ್ನ ಹೋಗಿ ಕಂಚು ಕಾಣ್ತಿದೆ, ಟಿಕ್ಕೂ ಇಲ್ಲ ಟಕ್ಕೂ ಇಲ್ಲ. ಅಯ್ಯೋ ನನ್ನ ಕರ್ಮವೇ, ತಾಯಿ ಇದ್ರೆ ತಾನೆ ತವರು, ನಾನೆಲ್ಲಿಗೆ ಹೋಗ್ಲಿ ಅಂತ ಅತ್ಲಂತೆ. ವಾರಗಿತ್ತಿಯರಿಗೆ ಕರುಳು ಚುರ್ ಅಂತು. ಅಳಬೇಡ ಕಣೇ, ಅತ್ತೆಮ್ಮಂಗೆ ಕಾಣಲ್ಲ, ಸದ್ದು ಕೇಳಿಸಿದ್ರೆ ಸಾಕು ಅಂತ ಗಡಿಯಾರಾನ ಮತ್ತೆ ಗೋಡೆಗೆ ತಗುಲಿಹಾಕಿದ್ರಂತೆ.

ಮೊದಲನೇ ಮಧ್ಯಾಹ್ನ ಹಿರೀಸೊಸೆ ಪರದೆ ಹಿಂದೆ ಕೂತು ಸೌಟಲ್ಲಿ ನೆಲಕ್ಕೆ ಟಕ್ ಟಕ್ ಅಂತ ಬಡಿದ್ಲು. ಯಾರೇ ಅದು ಅವಲಕ್ಕಿ ಕುಟ್ತಿರೋದು ಅಂತ ರಾಣಿ ಗದರಿದ್ಲು. ಮಾರನೇ ದಿನ ನಡುವಿನವಳು ಬಳೆ ಆಡಿಸಿದ್ಲು. ಯಾರ ಮದುವೆ ದಿಬ್ಬಣವೇ ಇದು ಅಂದ್ಲು ರಾಣಿ. ನಿದ್ದೆಯಿಲ್ಲದೆ ಮುದುಕಿ ಅನ್ನಾನೂ ಮುಟ್ಟಲಿಲ್ಲ, ಅದನ್ನ ನೋಡಿ ಕೆಂಪಿಗೆ ತಡೀಲಿಲ್ಲ, ಮೂರನೇ ದಿನ ತಾನೇ ಕೂತು ಮಣೆ ಮೇಲೆ ಉಗುರಲ್ಲಿ ಟಿಕ್, ಟಿಕ್, ಟಿಕ್. ರಾಣಿ ಮಗ್ಗುಲಾಗಿ ಕಣ್ಣು ಮುಚ್ಚಿದ್ಲು. ಆಮೇಲೆ ದಿನಾ ಕೆಂಪಿದೇ ಕೆಲಸ, ಬೆರಳು ಊದಿಕೊಂಡ್ರೂ ಬಿಡಲಿಲ್ಲವಂತೆ.

ಒಂದಿನ ಹೋಳಿಗೆ ಊಟ. ಹೋಳಿಗೆ ತಿಂದ ಮೇಲೆ ಯಾರಿಗೆ ತಾನೆ ತೂಕಡಿಕೆ ಬರಲ್ಲ ಹೇಳು? ಟಿಕ್ ಅಂದ್ಲು, ಆಕಳಿಸಿದ್ಲು, ಇನ್ನೊಂದು ಟಿಕ್ ಅಂದ್ಲು, ಅಲ್ಲೇ ಒರಗಿಬಿಟ್ಲಂತೆ.

ಟಿಕ್ ಟಿಕ್ ನಿಂತಿದ್ದೇ ತಡ, ಏಯ್ ಗಡಿಯಾರ, ಈಚೆ ಬಾ ಅಂತ ರಾಣಿ ಕೂಗಿದ್ಲಂತೆ. ಕೆಂಪಿ ಎದ್ದು ಬಂದು, ಕಾಲಿಗೆ ಬಿದ್ದು, ಹುಣಸೆಹಣ್ಣಿಂದ ಹಿಡಿದು ಎಲ್ಲಾ ಒಪ್ಪಿಸಿ, ನಾನೇ ಹೋಗ್ತೀನಿ ಅತ್ತೆಮ್ಮ, ಬಟ್ಟೆ ಗಂಟು ಕಟ್ಟಿಟ್ಟಿದೀನಿ ಅಂದ್ಲಂತೆ. ರಾಣಿ ಅವಳ ಕೈ ಎಳ್ಕೊಂಡು ಒಂದೊಂದೇ ಬೆರಳು ಸವರಿದ್ಲಂತೆ. ನೀನು ಕೂತ ಮೊದಲನೇ ದಿನಾನೇ ಗೊತ್ತಾಯ್ತು ಕಣೇ, ಗಡಿಯಾರ ಎಲ್ಲಾದ್ರೂ ಅಳ್ತಾ ಮೂಗು ಎಳೆಯುತ್ತೇನೇ? ಹೇಳಿಬಿಟ್ರೆ ನೀನು ಬಂದು ಕೂರೋದೂ ನಿಂತುಹೋಗುತ್ತೆ ಅಂತ ಬಾಯಿ ಮುಚ್ಕೊಂಡಿದ್ದೆ ಅಂದ್ಲು. ಆ ಗಡಿಯಾರಕ್ಕೂ ಕೀಲಿ ಕೊಟ್ರೇನೇ ನಡೀತಿದ್ದಿದ್ದು, ನಿಂಗೆ ಯಾರೇ ಕೀಲಿ ಕೊಟ್ಟೋರು ಅಂದ್ಲಂತೆ.

ಕೆಂಪಿ ಗೊಳೋ ಅಂತ ಅತ್ಲು. ರಾಣಿ ಪಕ್ಕಕ್ಕೆ ಸರಿದು ಜಾಗ ಮಾಡಿ, ಬಾ ಮಲ್ಕೋ, ತವರಿಗೆ ಹೋಗ್ತಾಳಂತೆ ತವರಿಗೆ, ನಾನಿನ್ನೂ ಸತ್ತಿಲ್ಲ ಅಂತ ಬೈತಾ ಬೈತಾ ಬೆನ್ನು ತಟ್ಟಿದ್ಲಂತೆ. ಅತ್ತೆ ಸೊಸೆ ಒಂದೇ ಹೊದಿಕೇಲಿ ಗೊರಕೆ ಹೊಡೆದ್ರು, ಅಲ್ಲಿಗೆ ನನ್ನ ಕತೇನೂ ಮಲಗ್ತು, ಇನ್ನು ನೀನೊಬ್ಬ ಬಾಕಿ, ಕಣ್ಣು ಮುಚ್ಚು ಕಂದ.