ಶಾಲು ಹೊದ್ದ ಕಂಪ್ಯೂಟರ್

ಪಂಪಾಪತಿ ಒಂದು ಅಣೆಕಟ್ಟಿನ ಎಂಜಿನಿಯರ್. ಅಲ್ಲಿನ ನಿಯಂತ್ರಣ ಕೊಠಡಿಯಲ್ಲಿ ಹಳೆಯ ಕಂಪ್ಯೂಟರ್ ಒಂದಿತ್ತು. ಕಪ್ಪು ಪರದೆ, ಹಸಿರು ಅಕ್ಷರ. ಅದಕ್ಕೆ ಗೊತ್ತಿದ್ದದ್ದು ಎರಡೇ ಕೆಲಸ: ಸೈರನ್ ಕೂಗಿಸುವುದು, ಗೇಟು ಎತ್ತುವುದು. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಕೈಕೊಟ್ಟಿರಲಿಲ್ಲ. ಆದರೂ ದೊಡ್ಡವರು ಅಣೆಕಟ್ಟು ನೋಡಲು ಬಂದಾಗ ಅದರ ರೂಪಕ್ಕೆ ಪಂಪಾಪತಿಗೆ ನಾಚಿಕೆಯಾಗುತ್ತಿತ್ತು. ಸನ್ಮಾನಕ್ಕೆ ತಂದು ಉಳಿದ ಶಾಲೊಂದನ್ನು ಅದರ ಮೇಲೆ ಹೊದಿಸಿ ಮುಚ್ಚಿಬಿಡುತ್ತಿದ್ದ.

ಅದಕ್ಕೆ ಬಿಡಿಭಾಗ ಸಿಗದಂತಾದಾಗ ಹೊಸದನ್ನು ಆರಿಸುವ ಹೊಣೆ ಅವನಿಗೇ ಬಂತು. ಮಾರುವವರು ಎರಡು ಕಂಪ್ಯೂಟರ್ ತಂದು ತೋರಿಸಿದರು. ಒಂದರ ಆಪರೇಟಿಂಗ್ ಸಿಸ್ಟಮ್ ಇಂಥ ಕೆಲಸಕ್ಕೆಂದೇ ಮಾಡಿದ್ದು, ವರ್ಷಗಟ್ಟಲೆ ನಿಲ್ಲಿಸದೆ ಓಡಿಸಿ ಪರೀಕ್ಷಿಸಿದ್ದು. ನೋಡಲು ಮಾತ್ರ ಹಳೆಯದರ ತಮ್ಮನಂತಿತ್ತು. ಇದಕ್ಕೂ ಒಂದು ಶಾಲು ಬೇಕಾದೀತು ಎಂದುಕೊಂಡ ಪಂಪಾಪತಿ. ಇನ್ನೊಂದರಲ್ಲಿದ್ದದ್ದು ಮನೆಮನೆಯಲ್ಲೂ ಇರುವ ಸಿಸ್ಟಮ್. ಬಣ್ಣಬಣ್ಣದ ಪರದೆ, ಅದರ ಮೇಲೆ ಹರಿಯುವ ನೀಲಿ ನೀರು. ಕಚೇರಿಯ ಪತ್ರವನ್ನೂ ಅದರಲ್ಲೇ ಟೈಪ್ ಮಾಡಬಹುದಿತ್ತು.

ಗೇಟು ನೋಡಿಕೊಳ್ಳುವ ಹುಲಿಗೆಪ್ಪ ಹಿಂದೆ ನಿಂತು ಒಂದೇ ಮಾತು ಕೇಳಿದ.

"ಸಾಹೇಬ್ರ, ಇದು ಕೆಲಸದ ನಡುವ ನಿಂತ್ರ ಏನ್ ಮಾಡೂದ್ರಿ?"

"ಮತ್ತ ಚಾಲೂ ಮಾಡಿದ್ರಾತು ಬಿಡು" ಎಂದು ಪಂಪಾಪತಿ ನಕ್ಕು ಬಣ್ಣದ್ದಕ್ಕೇ ಸಹಿ ಹಾಕಿದ.

ಶ್ರಾವಣದ ಒಂದು ಬೆಳಗ್ಗೆ ಮೇಲ್ಗಡೆ ಮಳೆಯಾಗಿ ನೀರು ಮಿತಿ ಮುಟ್ಟಿತು. ಗೇಟು ಎತ್ತುವ ಮುನ್ನ ಮೂರು ಸಲ ಸೈರನ್ ಕೂಗಿಸಬೇಕು. ಕೇಳಿದವರು ದಡ ಹತ್ತಿಕೊಳ್ಳುತ್ತಾರೆ. ಪಂಚಮಿ ಹಬ್ಬ ಹತ್ತಿರವಿದ್ದುದರಿಂದ ಕೆಳಗಿನ ಊರಿನ ಹೆಂಗಸರು ಮನೆಯ ಹಾಸಿಗೆ ಹೊದಿಕೆಯನ್ನೆಲ್ಲ ತಂದು ಹೊಳೆ ನಡುವಿನ ಬಂಡೆಯ ಮೇಲೆ ಒಗೆಯುತ್ತಿದ್ದರು.

ಪಂಪಾಪತಿ ಸೈರನ್ ಗುಂಡಿ ಒತ್ತಲು ಹೋದ. ಅಷ್ಟರಲ್ಲಿ ಪರದೆ ನೀಲಿಯಾಗಿ ಅದರ ಮೇಲೆ ಬರಹ ಮೂಡಿತು: "ಹೊಸ ಆವೃತ್ತಿ ಅಳವಡಿಕೆಯಾಗುತ್ತಿದೆ. ದಯವಿಟ್ಟು ಕಾಯಿರಿ."

ನೀರು ಕಾಯುವುದಿಲ್ಲ. ಬಿಡದಿದ್ದರೆ ಕಟ್ಟೆಗೆ ಅಪಾಯ, ಹೇಳದೆ ಬಿಟ್ಟರೆ ಹೆಂಗಸರು ಕೊಚ್ಚಿಹೋಗುತ್ತಾರೆ. ಅಷ್ಟು ಓದಿದ ಪಂಪಾಪತಿ ಕಂಪ್ಯೂಟರಿನ ಮುಂದೆ ಕೈಕೈ ಹಿಸುಕಿಕೊಂಡು ಕೂತ. ಹುಲಿಗೆಪ್ಪ ಆಗಲೇ ಮೋಟರ್ ಸೈಕಲ್ ಹತ್ತಿ ದಡದುದ್ದಕ್ಕೂ ಕೂಗುತ್ತ ಹೊರಟಿದ್ದ. ಹೆಂಗಸರು ಬಟ್ಟೆ ಬಿಟ್ಟು ಓಡಿ ದಡ ಹತ್ತಿದರು. ಹುಲಿಗೆಪ್ಪ ಫೋನು ಮಾಡಿ ಎಲ್ಲರೂ ಮೇಲೆ ಬಂದರೆಂದ ಮೇಲೆಯೇ ಅಣೆಕಟ್ಟಿನ ಕೆಲಸದವರು ಚಕ್ರವನ್ನು ಕೈಯಿಂದ ತಿರುಗಿಸಿ ಗೇಟುಗಳನ್ನು ಎತ್ತಿದರು. ಹೊದಿಕೆಗಳು ಹೊಳೆಯ ಪಾಲಾದವು. ಜೀವಗಳು ಉಳಿದವು.

ಮರಳಿ ಬಂದ ಹುಲಿಗೆಪ್ಪನ ಸ್ವರ ಕೂಗಿ ಕೂಗಿ ಒಡೆದಿತ್ತು. ಪಂಪಾಪತಿಗೆ ಭೂಮಿ ಬಾಯಿಬಿಟ್ಟರೆ ಇಳಿದುಹೋದೇನು ಅನ್ನಿಸಿತು. ಬೀರುವಿನಲ್ಲಿದ್ದ ಆ ಶಾಲು ತಂದು ಅವನಿಗೆ ಹೊದಿಸಲು ಹೋದ. ಹುಲಿಗೆಪ್ಪ ಹಿಂದೆ ಸರಿದ.

"ನನಗ್ಯಾಕ್ರಿ ಸಾಹೇಬ್ರ. ಇವತ್ತು ನಾ ಇದ್ದೆ. ನಾಳೆ ನಾ ರಜಾದಾಗಿದ್ರ?"

ಪಂಪಾಪತಿ ತಲೆ ತಗ್ಗಿಸಿದ. ನಾಚಬಾರದ್ದಕ್ಕೆ ನಾಚಿ, ನಾಚಬೇಕಾದ್ದನ್ನು ತಾನೇ ಸಹಿ ಹಾಕಿ ತಂದಿದ್ದ. ಅಂದೇ ಆ ಸಾದಾ ಕಂಪ್ಯೂಟರ್ ಬೇಕೆಂದು ಮೇಲಿನವರಿಗೆ ಬರೆದ. ತಪ್ಪು ಯಾರದೆಂಬುದನ್ನೂ ಅದೇ ಪತ್ರದಲ್ಲಿ ಬರೆದ.

ನೀತಿ: ಜನರ ಜೀವ ಕಾಯುವ ಯಂತ್ರವನ್ನು ಆರಿಸುವವನು "ಇದು ನಿಂತರೆ ಏನು ಗತಿ" ಎಂದು ಮೊದಲೇ ಕೇಳಬೇಕು. ತಡವಾಗಿ ಕೇಳಿದರೆ ಉತ್ತರ ಕೊಡುವುದು ಹೊಳೆ.