ಓಗೊಟ್ಟ ಗುಡ್ಡ

ಕಾರೇಬೈಲಿನ ಕಡಲದಂಡೆಗೆ ಅಂಟಿಕೊಂಡೇ ಒಂದು ಗುಡ್ಡವಿದೆ. ಕಡಲಿನ ಕಡೆಗಿರುವ ಅದರ ಮೈ ಅರ್ಧಚಂದ್ರದ ಹಾಗೆ ಒಳಸರಿದು, ಕೆಂಪು ಜಂಬಿಟ್ಟಿಗೆ ಕಲ್ಲು ಹಂತಹಂತವಾಗಿ ಇಳಿಯುತ್ತದೆ. ಆ ಹಂತಗಳಿಗೆ ಊರಿನವರದೇ ಒಂದು ಮಾತಿತ್ತು. ಜಗಲಿಯಲ್ಲ, ಕಟ್ಟೆಯಲ್ಲ, ಪಾವು... ಪಾವಟಿಗೆ. ಕಡಲೇ ಕಾಣದ ಸೊಲ್ಲಾಪುರದಲ್ಲಿ ಇಷ್ಟು ವರ್ಷ ಕಳೆದ ಮೇಲೆ ಅಂಥ ಮಾತುಗಳು ನನಗೆ ತಡವಾಗಿ ಬರುತ್ತವೆ. ಗುಡ್ಡದ ಹೆಸರು ಮಾತ್ರ ಮರೆತಿಲ್ಲ. ಓಗೊಟ್ಟ ಗುಡ್ಡ.

ಹಿಂದೆ ಒಮ್ಮೆ, ಕರಿಮೆಣಸಿಗಾಗಿ ಯವನರ ಹಡಗುಗಳು ಈ ದಂಡೆಗೆ ಬರುತ್ತಿದ್ದ ಕಾಲದಲ್ಲಿ, ಗ್ರೀಸ್ ದೇಶದ ತಿಮಂದ್ರನೆಂಬ ಮುದುಕ ಇಲ್ಲಿಳಿದು ಇಲ್ಲೇ ಉಳಿದನಂತೆ. ತನ್ನ ನಾಡಿನಲ್ಲಿ ಅವನು ದುಃಖದ ನಾಟಕಗಳನ್ನು ಕಟ್ಟುವ ಕವಿ. ಅಲ್ಲಿ ಗುಡ್ಡದ ಮೈಯಲ್ಲೇ ಊರಿಗೆ ಊರೇ ಕೂತು ನಾಟಕ ನೋಡುತ್ತಿತ್ತು. ಗಂಡಸರೇ ಮೊಗವಾಡ ಕಟ್ಟಿಕೊಂಡು ಹೆಂಗಸರಾಗುತ್ತಿದ್ದರು. ಒಬ್ಬನು ನುಡಿದರೆ ಸುತ್ತ ನಿಂತ ಮೇಳ ಉತ್ತರ ಕೊಡುತ್ತಿತ್ತು. ಗೆದ್ದವನಿಗೆ ಬಳ್ಳಿಯ ಕಿರೀಟ. ತಿಮಂದ್ರನೂ ಗೆದ್ದವನೇ. ಆದರೆ ಅವನು ದೂರದ ನಗರದಲ್ಲಿ ನಾಟಕವಾಡಿಸುತ್ತಿದ್ದಾಗ ವೈರಿಗಳು ಅವನು ಹುಟ್ಟಿದ ಊರನ್ನು ಸುಟ್ಟು, ಜನರನ್ನು ಹಡಗಿಗೆ ತುಂಬಿ ಒಯ್ದರು. ಅದನ್ನೇ ಅವನು ಅದೇ ನಗರದಲ್ಲಿ ನಾಟಕ ಮಾಡಿದ. ಹಡಗು ಹತ್ತುವ ಮುನ್ನ ಒಬ್ಬ ತಾಯಿ ಹಿಂದಿರುಗಿ ನೋಡಿ, "ಯಾರಾದರೂ ಇದ್ದೀರಾ?" ಎಂದು ಕರೆಯುತ್ತಾಳೆ, ಮೇಳ ಓಗೊಡಬೇಕು. ಅವನ ಊರಿನ ನೆರವಿಗೆ ಹೋಗದೆ ಉಳಿದಿದ್ದ ಆ ನಗರದ ಜನಕ್ಕೆ ಅದನ್ನು ಕೇಳುವುದಾಗಲಿಲ್ಲ. ಎಲ್ಲರೂ ಗೋಳಾಡಿದರು, ಮೇಳದವರೂ ಓಗೊಡಲಾರದೆ ಅತ್ತರು. ಹಿರಿಯರು ನಾಟಕವನ್ನು ಅಲ್ಲಿಗೇ ನಿಲ್ಲಿಸಿ, ಇನ್ನು ಇದನ್ನು ಯಾರೂ ಆಡಕೂಡದೆಂದು ಕಟ್ಟುಮಾಡಿದರು. ತಾಯಿಯ ಮೊಗವಾಡವನ್ನು ಎತ್ತಿಕೊಂಡು ತಿಮಂದ್ರ ಹಡಗು ಹತ್ತಿದ.

ದಂಡೆಯಲ್ಲಿ ಮೀನು ಒಣಗಿಸುವ ಬುದವಂತಿ ಎಂಬಾಕೆ ಅವನಿಗೆ ಗಂಜಿ ಹಾಕುತ್ತಿದ್ದಳು. ಅವನ ಕತೆ ಕೇಳಿ ನಕ್ಕಳಂತೆ. "ಅಳೂಕಂತ ಗುಡ್ಡ ಹತ್ತೋ ಜನವೂ ಉಂಟೇ ಅಜ್ಜಾ? ನಮಗೆ ಅದು ದಂಡೆ ಮೇಲೇ ಬೇಕಾದಷ್ಟು ಸಿಗ್ತದೆ."

"ಅಳುವವರು ಸಿಕ್ಕಿದರು ಮಗಳೇ, ಓ ಎನ್ನುವವರು ಸಿಗಲಿಲ್ಲ" ಎಂದನಂತೆ ತಿಮಂದ್ರ.

ಅವನಿಗೆ ಊರೆಂಬುದು ಉಳಿದಿರಲಿಲ್ಲ. ಉಳಿದದ್ದು ಆ ಕರೆ ಒಂದೇ. ಮಂಜು ಕವಿದ ಒಂದು ಸಂಜೆ ಮೊಗವಾಡ ಕಟ್ಟಿಕೊಂಡು, ಒಬ್ಬನೇ ಪಾವಟಿಗೆಯ ಮೇಲೆ ನಿಂತು, ತನ್ನ ನುಡಿಯಲ್ಲೇ ತಾಯಿಯ ಮಾತನ್ನು ಆಡುತ್ತ ಹೋದ. ಕರೆಯುವ ಜಾಗ ಬಂದಾಗ ಗಟ್ಟಿಯಾಗಿ ಕರೆದ. ಕೆಳಗೆ ದೋಣಿಗಳಿಗಾಗಿ ಕಾದಿದ್ದ ಹೆಂಗಸರಿಗೆ ಏನೂ ಕಾಣುತ್ತಿರಲಿಲ್ಲ. ಮಂಜಿನಲ್ಲಿ ಯಾರು ಕರೆದರೂ ಕೇಳಿಸಿಕೊಂಡವರು ಓಗೊಡಬೇಕು. ದಾರಿ ತಪ್ಪಿದ ದೋಣಿಗೆ ದಂಡೆ ಸಿಗುವುದೇ ಹಾಗೆ. ಬುದವಂತಿ "ಓ" ಎಂದಳು. ಆಚೆಯಿಂದ ಇನ್ನೊಬ್ಬಳು, ಅವಳಾಚೆ ಮತ್ತೊಬ್ಬಳು. ತಿಮಂದ್ರ ಕರೆದಾಗಲೆಲ್ಲ ದಂಡೆಯುದ್ದಕ್ಕೂ ಓ ಎದ್ದಿತು; ನಾಟಕ ಕೊನೆ ಮುಟ್ಟಿತು. ಮೇಲೆ ಹತ್ತಿ ಬಂದ ಬುದವಂತಿ, "ನೀನೇನ ಅಜ್ಜಾ? ದೋಣಿಯವರು ಅಂದ್ಕೊಂಡ್ವಲ್ಲ" ಎಂದು ಬೈದಳು. "ದೋಣಿಯೇ ಮಗಳೇ. ದಂಡೆ ಸಿಕ್ಕಿತು" ಎಂದು ಅವನು ಮೊಗವಾಡ ಬಿಚ್ಚಿದ ಎನ್ನುತ್ತಾರೆ.

ಮೊಗವಾಡ ಅವನ ಜೊತೆಗೇ ಮಣ್ಣಾಯಿತಂತೆ. ಈಗ ಹೋದವರಿಗೆ ಕಾಣುವುದು ಖಾಲಿ ಪಾವಟಿಗೆ, ಕೆಳಗೆ ಬಲೆ ಬಿಡಿಸುತ್ತ ಕೂತ ಜನ. ಮೇಲೆ ನಿಂತು ಯಾರು ಕೂಗಿದರೂ ಅವರು ತಲೆಯೆತ್ತದೆಯೇ ಓಗೊಡುತ್ತಾರೆ, ಯಾರೆಂದು ಕೇಳುವುದಿಲ್ಲ. ಇಷ್ಟನ್ನು ಬರೆದಿಡು, ಶರಾವತಿ. ನೀನು ಹೋದಾಗ ಅಲ್ಲಿ ನಿಂತು ಈ ನಿನ್ನಜ್ಜಿಗಾಗಿ ಒಂದು ಸಲ ಕೂಗು.